ಊರಿಗೊಂದು ಫೋನು, ಊರಿಗೊಂದು ಕಚೇರಿ

2020ರ ಲಾಕ್‌ಡೌನ್ ಸಮಯದಲ್ಲಿ ಸೀತೂರಿನಂಥ ಮಲೆನಾಡಿನ ಊರುಗಳಿಗೆ ಬೆಂಗಳೂರಿನಿಂದ ಮಕ್ಕಳು ಲ್ಯಾಪ್‌ಟಾಪ್ ಸಮೇತ ಬಂದರು. ವಯಸ್ಸಾದ ಇಬ್ಬರೇ ಇದ್ದ ತೋಟದ ಮನೆಗಳಲ್ಲಿ ಮತ್ತೆ ಮಾತು ಕೇಳಿಸಿತು. ಆದರೆ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಿತ್ತು, ಮಳೆ ಬಂದರೆ ಕರೆಂಟ್ ಇಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆ 2021ರಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗೇ ಎದ್ದಿತು. ಕಂಪನಿಗಳು ವಾಪಸ್ ಕರೆದಾಗ ಹೆಚ್ಚಿನವರು ಬಸ್ ಹತ್ತಿದರು.

ಇವರಲ್ಲಿ ಕೆಲವರಾದರೂ ಊರಲ್ಲೇ ಉಳಿಯಲು ಏನು ಬೇಕಿತ್ತು? ಪ್ರತಿ ಮನೆಗೂ ಟವರ್ ಬೇಕಿರಲಿಲ್ಲ. ಒಳ್ಳೆಯ ಇಂಟರ್ನೆಟ್, ಕರೆಂಟ್ ಹೋದರೂ ನಡೆಯುವ ಬ್ಯಾಟರಿ, ಹತ್ತು ಮೇಜು-ಕುರ್ಚಿ ಇರುವ ಒಂದು ಕೋಣೆ ಸಾಕಿತ್ತು. ಬೇರೆ ಬೇರೆ ಕಂಪನಿಯವರು ದಿನಕ್ಕಿಷ್ಟು ಎಂದು ಕೊಟ್ಟು ಅಲ್ಲಿ ಕೆಲಸ ಮಾಡಬಹುದು.

ಈ ಯೋಚನೆ ಹೊಸದಲ್ಲ. 1985ರಲ್ಲೇ ಸ್ವೀಡನ್ನಿನ ವೆಮ್‌ಡಾಲೆನ್ ಎಂಬ ಹಳ್ಳಿಯಲ್ಲಿ ಇಂಥ ಕೇಂದ್ರ ತೆರೆಯಿತು. ಒಬ್ಬೊಬ್ಬರೇ ಕೊಳ್ಳಲಾಗದ ಕಂಪ್ಯೂಟರನ್ನು ಊರವರೆಲ್ಲ ಸೇರಿ ಬಳಸಿದರು. ಮರುವರ್ಷ, 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನುಗಳ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಏರ್ ಕಂಡೀಷನರ್ ಇಲ್ಲದೆಯೂ, ಬಿಸಿಲು ಧೂಳಿನಲ್ಲೂ ಅದು ನಡೆಯುತ್ತಿತ್ತು. ಇಂಥ ಎಕ್ಸ್‌ಚೇಂಜುಗಳಿಂದಾಗಿ ಎಸ್‌ಟಿಡಿ ಬೂತುಗಳು ಹಳ್ಳಿಯವರೆಗೂ ಬಂದವು. ಒಂದು ಫೋನು ಇಡೀ ಊರಿನದಾಯಿತು. ಮೊಬೈಲ್ ಕೈಗೆ ಬಂದ ಮೇಲೆ ಬೂತಿನ ಕೆಲಸ ಮುಗಿಯಿತು.

ಆಮೇಲೆ 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದವು. ರಾಜ್ಯದಲ್ಲಿ ಸುಮಾರು 800 ಇದ್ದವು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ ಅಲ್ಲೇ ಸಿಗುತ್ತಿದ್ದವು. ಖಾಸಗಿ ಕಂಪನಿ ನಡೆಸುತ್ತಿದ್ದ ಆ ವ್ಯವಸ್ಥೆ ಉಳಿಯಲಿಲ್ಲ. 2012ರ ಕೊನೆಗೆ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆ ಜಾಗಕ್ಕೆ ಬಂದವು.

2008ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ರೂರಲ್‌ಶೋರ್ಸ್ ಎಂಬ ಕಂಪನಿ ತನ್ನ ಮೊದಲ ಗ್ರಾಮೀಣ ಬಿಪಿಒವನ್ನು ಬಾಗೇಪಲ್ಲಿಯಲ್ಲಿ ತೆರೆಯಿತು. ನಗರದ ಕಂಪನಿಗಳ ಕಾಗದಪತ್ರದ ಕೆಲಸವನ್ನು ಅಲ್ಲಿಯ ಯುವಕ-ಯುವತಿಯರು ಮಾಡಿದರು. ಮನೆ ಊಟ ಮಾಡಿ ಸಂಬಳ ತರಲು ಸಾಧ್ಯ ಎಂದು ತೋರಿಸಿದ್ದು ದೊಡ್ಡ ಸಂಗತಿ. ಆದರೆ ಬಿಪಿಒದ ಬಾಗಿಲು ತೆರೆದಿರುವುದು ನಗರದ ಆರ್ಡರ್ ಬರುವವರೆಗೆ ಮಾತ್ರ. ಹಂಚಿಕೊಂಡ ಕಚೇರಿಯಲ್ಲಿ ಹತ್ತು ಜನಕ್ಕೆ ಹತ್ತು ಕಡೆಯ ಕೆಲಸ ಇರುತ್ತದೆ. ಒಂದು ಕಂಪನಿ ಕೈಬಿಟ್ಟರೆ ಒಂದು ಕುರ್ಚಿ ಖಾಲಿಯಾಗುತ್ತದೆ, ಕೋಣೆಗೆ ಬೀಗ ಬೀಳುವುದಿಲ್ಲ. ಅಲ್ಲಿ ದುಡಿದ ಸಂಬಳ ಊರಿನ ಹಾಲು, ಹೋಟೆಲು, ಆಟೋ, ತೋಟದ ಕೂಲಿಗೆ ಖರ್ಚಾಗುತ್ತದೆ.

ಐರ್ಲೆಂಡ್ ಸರ್ಕಾರ ಇದನ್ನು ಗ್ರಾಮೀಣ ನೀತಿಯನ್ನಾಗಿಯೇ ಮಾಡಿತು. 400ಕ್ಕೂ ಹೆಚ್ಚು ಇಂಥ ಕೇಂದ್ರಗಳ ಜಾಲ ಕಟ್ಟುವುದಾಗಿ 2021ರ ಮಾರ್ಚ್‌ನಲ್ಲಿ ಪ್ರಕಟಿಸಿತು.

ನಮ್ಮಲ್ಲಿ ಏನೂ ಇಲ್ಲ ಎನ್ನುವಂತಿಲ್ಲ. ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಅದೇ ಇಂದಿನ ಭಾರತ್‌ನೆಟ್. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಹೊಸ ಕಟ್ಟಡಕ್ಕೆ ಕಾಯುವ ಬದಲು ಇವೆರಡನ್ನೂ ಜೋಡಿಸುವ ಮಾತು ಗ್ರಾಮಸಭೆಯಲ್ಲಿ ಬರಬೇಕು.

ಸೀತೂರಿನವರಾಗಲಿ, ಕೊಪ್ಪ, ಶೃಂಗೇರಿ ಕಡೆಯವರಾಗಲಿ, ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ ಎಂಬುದು ನಮ್ಮ ವಿನಂತಿ. ನಮ್ಮ ಪಂಚಾಯಿತಿಗೆ ಬಂದ ಫೈಬರ್‌ನಲ್ಲಿ ಇಂಟರ್ನೆಟ್ ಬರುತ್ತಿದೆಯೇ? ಕರೆಂಟ್ ಹೋದರೆ ಎಷ್ಟು ಗಂಟೆ ನಡೆಯುತ್ತದೆ? ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಮೂರನೆಯದನ್ನು ಮರೆಯಬೇಡಿ. ಜವಾಬ್ದಾರಿ ಹೊರುವವರಿಲ್ಲದಿದ್ದರೆ ಎಂಥ ಕೇಂದ್ರವೂ ಬಾಳುವುದಿಲ್ಲ.