ಕೋವಿಗೆ ಕಣ್ಣು ಬಂದ ಕಥೆ

1878ರಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸಂಗತಿಗಳು ನಡೆದವು. ವೈಸರಾಯ್ ಲಿಟ್ಟನ್‌ನ ಸರಕಾರ ಶಸ್ತ್ರಾಸ್ತ್ರ ಕಾಯ್ದೆ ತಂದು, ಭಾರತೀಯರು ಲೈಸನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಾರದೆಂದಿತು. ಅದೇ ಸುಮಾರಿಗೆ ಅಮೆರಿಕದ ಖಗೋಳ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಬೊಲೋಮೀಟರ್ ಎಂಬ ಉಪಕರಣ ಮಾಡಿದ. ತೆಳ್ಳನೆಯ ಲೋಹದ ಪಟ್ಟಿ ಚೂರು ಬಿಸಿಯಾದರೂ ಅದರಲ್ಲಿ ಹರಿಯುವ ವಿದ್ಯುತ್ತಿನಲ್ಲಿ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸ ಅಳೆದರೆ ಶಾಖ ಅಳೆದಂತೆ. ಲ್ಯಾಂಗ್ಲಿಗೆ ಬೇಕಿದ್ದದ್ದು ಸೂರ್ಯನ ಲೆಕ್ಕ. ಆದರೆ ಮುಂದೆ ಸುಧಾರಿಸಿದ ಅವನ ಬೊಲೋಮೀಟರ್ ಕಾಲು ಮೈಲು ಆಚೆ ನಿಂತ ಹಸುವಿನ ಮೈಬಿಸಿಯನ್ನೂ ಹಿಡಿಯುತ್ತಿತ್ತು ಎನ್ನುವುದು ವಿಜ್ಞಾನದ ಚರಿತ್ರೆ ಬರೆಯುವವರು ಬಿಡದೆ ಹೇಳುವ ಮಾತು.

ಆ ಕಾಯ್ದೆಯೂ ಆ ಉಪಕರಣವೂ ಈಗ ಒಂದೇ ಕಡೆ ಎದುರಾಗಿವೆ, ಬೆಳ್ತಂಗಡಿಯ ರೈತರ ಮೊಬೈಲಿನಲ್ಲಿ. ನನ್ನ ಸಂಶೋಧನೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಬೆಳೆ ಮತ್ತು ಕಾಡುಪ್ರಾಣಿಗಳ ಚರಿತ್ರೆಯ ಮೇಲೆ. ಚಾರ್ಮಾಡಿ ಘಾಟಿಯ ಬುಡದ ಊರೊಂದರಲ್ಲಿ ಹಳೆಯ ಲೈಸನ್ಸ್ ಪುಸ್ತಕಗಳನ್ನು ಕೇಳಿಕೊಂಡು ತಿರುಗುವಾಗ ಅಡಿಕೆ ಕೃಷಿಕರೊಬ್ಬರು ತಮ್ಮ ಫೋನು ನನ್ನ ಮುಂದೆ ಹಿಡಿದರು. ಟೆಕ್ಸಾಸಿನ ವಿಡಿಯೊ. ಕಪ್ಪು ಹೊಲದಲ್ಲಿ ಬೆಳ್ಳಗೆ ಹೊಳೆಯುವ ಹಂದಿಗಳ ಹಿಂಡು, ಒಂದೊಂದಾಗಿ ಬೀಳುತ್ತವೆ. "ನೀವು ಪಿಎಚ್‌ಡಿ ಮಾಡುವವರಲ್ವಾ ಮಾರಾಯ್ರೆ, ಇದು ನಮ್ಮ ಕೋವಿಗೆ ಕೂರುತ್ತದಾ ಹೇಳಿ" ಎಂದರು.

ಕೂರುವುದಿಲ್ಲ. ಕೂರಿಸಿದರೂ ಪ್ರಯೋಜನವಿಲ್ಲ. ಯಾಕೆ ಎನ್ನುವುದಕ್ಕೆ ಇನ್ನೂರು ವರ್ಷದಷ್ಟು ಹಿಂದೆ ಹೋಗಬೇಕಾಗುತ್ತದೆ, ದೂರವೇನಲ್ಲ, ಅದೇ ತಾಲೂಕಿನ ಗಡಾಯಿಕಲ್ಲಿಗೆ.

ನರಸಿಂಹಗಡ ಎಂದಿದ್ದ ಆ ಬಂಡೆಯ ಮೇಲೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. 1799ರಲ್ಲಿ ಅದು ಬ್ರಿಟಿಷರ ಕೈಗೆ ಬಂತು, ಬಂಡಾಯಗಾರರು ಕಿತ್ತುಕೊಂಡರು, 1800ರಲ್ಲಿ ಮತ್ತೆ ಬ್ರಿಟಿಷರ ಪಾಲಾಯಿತು. ಆ ಕಾಲದ ಸಿಪಾಯಿಗಳ ಮಸ್ಕೆಟ್ಟು ನುಣುಪು ನಳಿಗೆಯದು. ಒಳಗೆ ಸೀಸದ ಉಂಡೆ ಸಡಿಲವಾಗಿ ಕೂರುತ್ತಿತ್ತು, ಹೊರಗೆ ಬಂದ ಮೇಲೆ ಅದರ ದಾರಿ ಅದಕ್ಕೇ ಗೊತ್ತು. ನೂರು ಗಜ ದಾಟಿದರೆ ಯಾರನ್ನು ನೋಡಿ ಹೊಡೆದದ್ದು, ಯಾರಿಗೆ ತಾಗಿದ್ದು ಎಂದು ಹೇಳುವಂತಿರಲಿಲ್ಲ. ಹಾಗಾಗಿ ಗುರಿ ನೋಡುವ ಏರ್ಪಾಡು ಅದರಲ್ಲಿ ಇದ್ದದ್ದೇ ಕಡಿಮೆ. ಸಾಲಾಗಿ ನಿಂತು ಒಟ್ಟಿಗೆ ಹೊಡೆಯುವುದೇ ಯುದ್ಧ. ನಳಿಗೆಯ ಒಳಗೆ ತಿರುಪಿನಂತೆ ಗೀರು ಕೊರೆದು, ಗುಂಡು ಬುಗುರಿಯಂತೆ ತಿರುಗುತ್ತ ನೇರ ಹೋಗುವಂತೆ ಮಾಡಿದ ರೈಫಲ್ ಸೈನ್ಯಗಳಲ್ಲಿ ಸಾಮಾನ್ಯವಾದ ಮೇಲೆಯೇ ದೂರದ ಗುರಿಗೆ ಅರ್ಥ ಬಂದದ್ದು. ದುರ್ಬೀನು ಕೋವಿಯ ಬೆನ್ನೇರಿದ್ದು.

ಈ ವ್ಯತ್ಯಾಸವನ್ನು ನಮ್ಮ ಸರಕಾರಗಳು ಮರೆಯಲಿಲ್ಲ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರು ಬಂಟ್ವಾಳದ ಮೇಲೆ ಸಾಗಿ ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡಿದ್ದರು. ಅವರ ಜೊತೆ ಸೇರಿದ್ದ ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಗಲ್ಲಿಗೇರಿಸಿದರು. ಇಪ್ಪತ್ತು ವರ್ಷ ಕಳೆದು 1857 ಬಂತು. ಅದರ ಭಯದ ಕೂಸೇ 1878ರ ಕಾಯ್ದೆ. ಪಕ್ಕದ ಕೊಡಗಿಗೆ ರಿಯಾಯಿತಿ ಸಿಕ್ಕಿತು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಇಂದಿಗೂ ಇದೆ. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದರು. ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮಗೆ ಲೈಸನ್ಸ್ ಪುಸ್ತಕ. ಗಡಿಯ ಎರಡೂ ಬದಿಯ ಹಂದಿ ಒಂದೇ.

ಸ್ವಾತಂತ್ರ್ಯದ ನಂತರ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಂ ಓದಿದರೆ ಚರಿತ್ರೆಯ ವಿದ್ಯಾರ್ಥಿಗೆ ನಗು ಬರುತ್ತದೆ. ಬೆಳೆ ರಕ್ಷಣೆಗೆ ಅದು ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿ ಕೊಡಬಹುದು. ನಮ್ಮಲ್ಲಿ ಕೇಪಿನ ಕೋವಿ, ತೋಟೆ ಕೋವಿ ಎನ್ನುವುದು ಇವುಗಳನ್ನೇ. ಅಂದರೆ ಗಣರಾಜ್ಯ ರೈತನ ಕೈಗೆ ಕೊಟ್ಟದ್ದು, ನಳಿಗೆಯ ಮಟ್ಟಿಗೆ, ಜಮಾಲಾಬಾದಿನ ಸಿಪಾಯಿಯ ಕೋವಿಯ ದಾಯಾದಿಯನ್ನು. ಚರೆ ತುಂಬಿ ಹೊಡೆದರೆ ಮೂವತ್ತು ನಲವತ್ತು ಮೀಟರಿನೊಳಗೆ ಕೆಲಸ ಮಾಡುತ್ತದೆ. ಇನ್ನೂರು ಮುನ್ನೂರು ಮೀಟರ್ ದೂರದ ಪ್ರಾಣಿಯನ್ನು ತೋರಿಸುವ ಸ್ಕೋಪನ್ನು ಅದಕ್ಕೆ ಕಟ್ಟುವುದು ಎತ್ತಿನಗಾಡಿಗೆ ವಿಮಾನದ ರೇಡಾರು ಕಟ್ಟಿದ ಹಾಗೆ. ಚುನಾವಣೆ ಬಂದರೆ ಆ ಕೋವಿಯನ್ನೂ ಠಾಣೆಯಲ್ಲಿ ಠೇವಣಿ ಇಡಬೇಕು. ಇದನ್ನು ಪ್ರಶ್ನಿಸಿ ನಮ್ಮ ಜಿಲ್ಲೆಯ ಕೃಷಿಕರು ಹೈಕೋರ್ಟಿಗೆ ಹೋದದ್ದೂ ಉಂಟು.

ಕಾಯ್ದೆಯ ಕಣ್ಣೆಲ್ಲ ನಳಿಗೆಯ ಮೇಲಿತ್ತು, ಉದ್ದ ಎಷ್ಟು, ನುಣುಪೋ ಗೀರೋ, ಒಂದೋ ಜೋಡಿಯೋ. ಊರಿನವರ ಚಿಂತೆ ಬೇರೆ. ಕಾಣುವುದು ಹೇಗೆ? ಹಂದಿ ಬರುವುದು ಇರುಳಿನಲ್ಲಿ. ಬೆಳೆ ತಿನ್ನುವ ಆ ಪ್ರಾಣಿಯನ್ನೇ ಪಂಜುರ್ಲಿ ಎಂದು ನಂಬಿ ಕೋಲ ಕೊಟ್ಟ ನಾಡು ಇದು. ಬೆಳಗ್ಗೆ ಗದ್ದೆ ನೋಡಿದಾಗಲಷ್ಟೇ ಬಂದದ್ದು ಗೊತ್ತಾಗುವ ಶಕ್ತಿಯ ಜೊತೆ ಮನುಷ್ಯ ಬೇರೇನು ಒಪ್ಪಂದ ಮಾಡಿಕೊಳ್ಳಲು ಸಾಧ್ಯ? ಜೊತೆಗೆ ಕಾವಲೂ ಇತ್ತು. ಒಣ ಮಡಲಿನ ಸೂಟೆ, ಆಮೇಲೆ ಕಾರ್ಬೈಡ್ ದೀಪ, ಆಮೇಲೆ ಬ್ಯಾಟರಿ ಟಾರ್ಚು. ಟಾರ್ಚನ್ನು ನಳಿಗೆಯ ಕೆಳಗೆ ಹಗ್ಗದಲ್ಲೋ ರಬ್ಬರಿನಲ್ಲೋ ಬಿಗಿದು ಕಟ್ಟಿದರೆ ಅದೇ ನಮ್ಮೂರಿನ ಮೊದಲ ಸ್ಕೋಪು. ನಮ್ಮ ಅಜ್ಜನದ್ದೂ ಹಾಗೇ ಇತ್ತು, ಮೂರು ಸೆಲ್ಲಿನದ್ದು.

ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು', 'ಈಡೊಂದು ಹುಲಿಯೆರಡು' ಓದಿದವರಿಗೆ ಆ ಲೋಕದ ಪರಿಚಯವಿರುತ್ತದೆ. ಈಡು ಎಂಬ ಮಾತನ್ನೇ ನೋಡಿ. ಕೇಪಿನ ಕೋವಿಯಲ್ಲಿ ಒಂದು ಈಡು ಮುಗಿದರೆ ಇನ್ನೊಂದಕ್ಕೆ ಮದ್ದು, ಚರೆ, ಸಲಾಕೆ ಎಂದು ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಪ್ರಾಣಿ ಓಡಿರುತ್ತದೆ, ಇಲ್ಲವೇ ಮೇಲೆ ಬಿದ್ದಿರುತ್ತದೆ.

ಟಾರ್ಚಿನ ಬೇಟೆ ನಿಂತದ್ದು ಪ್ರಾಣಿಗಳ ಕಣ್ಣಿನ ಒಂದು ಗುಣದ ಮೇಲೆ. ಚಿರತೆ, ಕಡವೆ, ಜಿಂಕೆಗಳ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇದೆ. ಬೆಳಕು ಬಿದ್ದರೆ ಕೆಂಡದ ಹಾಗೆ ಹೊಳೆಯುತ್ತದೆ. ಹಂದಿಗೆ ಆ ಪದರ ಇಲ್ಲ. ಬೆಳೆಗೆ ಹೆಚ್ಚು ಹಾನಿ ಮಾಡದ ಪ್ರಾಣಿಯೇ ಟಾರ್ಚಿಗೆ ಸುಲಭವಾಗಿ ಸಿಕ್ಕಿತು, ಗದ್ದೆ ಅಗೆದು ಹಾಕುವ ಹಂದಿ ಕತ್ತಲಲ್ಲಿ ಕತ್ತಲೇ ಆಗಿ ಉಳಿಯಿತು. ಬೆಳೆ ರಕ್ಷಣೆಯ ಹೆಸರಿನ ಲೈಸನ್ಸುಗಳ ಚರಿತ್ರೆಯನ್ನು ಬರೆಯುವವರು ಈ ಚಿಕ್ಕ ಜೀವಶಾಸ್ತ್ರವನ್ನು ಬಿಟ್ಟು ಬರೆಯಬಾರದು ಎಂಬುದು ನನ್ನ ಹಟ. ಹಂದಿಯೆಂದು ತಿಳಿದು ಮನುಷ್ಯನಿಗೇ ಗುಂಡು ಹೊಡೆದ ಸುದ್ದಿಗಳು ಮಲೆನಾಡು ಕರಾವಳಿಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಹೊಳೆಯದ ಕಣ್ಣಿಗಾಗಿ ಕಾದವನು ಪೊದೆ ಅಲುಗಿದ್ದಕ್ಕೆ ಈಡು ಬಿಡುತ್ತಾನೆ.

ಬೆಳಕಿನ ಬೇಟೆಗೆ ಕಾನೂನು ಅಡ್ಡ ಬಂದದ್ದು 1972ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಗ ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ, ಲೈಸನ್ಸ್ ಮೇಲೆ ಬಿಟ್ಟಿತ್ತು. ಅದರ 17ನೆಯ ಕಲಂ ಗಾಡಿಯಿಂದ ಬೇಟೆ, ಕೃತಕ ಬೆಳಕಿನಿಂದ ಬೇಟೆ, ಸೂರ್ಯ ಮುಳುಗಿದ ಮೇಲಿನ ಬೇಟೆ ಇವನ್ನೆಲ್ಲ ನಿಷೇಧಿಸಿತ್ತು, ಕೆಲವು ವಿನಾಯಿತಿಗಳೊಡನೆ. ಇದು ಸಾಹೇಬರ ಶಿಕಾರಿ ಕ್ಲಬ್ಬುಗಳ ನೀತಿ ಎಂದೇ ನನಗನ್ನಿಸುತ್ತದೆ: ಪ್ರಾಣಿಗೂ ಒಂದು ಅವಕಾಶ ಕೊಡಬೇಕು, ಹೆಡ್‌ಲೈಟಿನಲ್ಲಿ ಕಣ್ಣು ಕುಕ್ಕಿ ಹೊಡೆಯುವುದು ಗಂಡಸುತನವಲ್ಲ. ಹೊಟ್ಟೆಪಾಡಿನ ಗದ್ದೆ ಕಾಯುವವನಿಗೆ ಆ ಶೋಕಿ ಇರಲಿಲ್ಲ. ಆದರೂ ಅದರಲ್ಲಿ ಒಂದು ವಿವೇಕ ಇತ್ತು. ಕೋವಿಯ ಶಕ್ತಿ ನಳಿಗೆಯಲ್ಲಿ ಮಾತ್ರವಲ್ಲ, ಕಾಣುವ ಶಕ್ತಿಯಲ್ಲೂ ಇದೆ ಎಂದು ಒಪ್ಪಿದ ಕಲಂ ಅದು. 1991ರ ತಿದ್ದುಪಡಿಯಲ್ಲಿ ಲೈಸನ್ಸ್ ಬೇಟೆಯ ಪದ್ಧತಿಯೇ ಹೋಯಿತು, ಅದರ ಜೊತೆ ಈ ಕಲಮೂ ಹೋಯಿತು. ಬೇಟೆಯೇ ಇಲ್ಲ ಎಂದ ಮೇಲೆ ಬೇಟೆಯ ಬೆಳಕಿಗೆ ನಿಯಮವೇಕೆ?

ಅಷ್ಟು ಹೊತ್ತಿಗೆ ಹೊರಗಿನ ಲೋಕದಲ್ಲಿ ಬೆಳಕೇ ಬೇಡವಾಗಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನರು 'ವ್ಯಾಂಪಿರ್' ಎಂಬ ಇರುಳು ಸ್ಕೋಪು ಮಾಡಿದ್ದರು. ಬರಿಗಣ್ಣಿಗೆ ಕಾಣದ ಅವಕೆಂಪು ದೀಪ ಕೋವಿಯ ಮೇಲೆ, ಹದಿಮೂರು ಕಿಲೋ ಮಿಕ್ಕಿದ ಬ್ಯಾಟರಿ ಸೈನಿಕನ ಬೆನ್ನ ಮೇಲೆ. ಅಮೆರಿಕನ್ನರು 1945ರಲ್ಲಿ ಓಕಿನಾವಾ ದ್ವೀಪದಲ್ಲಿ ಅಂಥದ್ದನ್ನೇ ಬಳಸಿದರು. ತತ್ವ ನಮ್ಮಜ್ಜನ ಟಾರ್ಚಿನದ್ದೇ, ಬೆಳಕು ಮಾತ್ರ ಗುಟ್ಟಿನದು. ವಿಯೆಟ್ನಾಮಿನಲ್ಲಿ ದೀಪವನ್ನೂ ಬಿಟ್ಟು ನಕ್ಷತ್ರದ ಬೆಳಕನ್ನೇ ಸಾವಿರಾರು ಪಟ್ಟು ಹಿಗ್ಗಿಸಿದರು. ಥರ್ಮಲ್ ಇವೆರಡೂ ಅಲ್ಲ. ಬಿಸಿಯಿರುವ ಪ್ರತಿಯೊಂದು ವಸ್ತುವೂ ತಾನೇ ಸೂಸುವ ಕಿರಣವನ್ನು ಅದು ನೋಡುತ್ತದೆ. ಮೊದಲು ಇದಕ್ಕೆ ದ್ರವ ಸಾರಜನಕದಿಂದ ತಣಿಸಿದ ದುಬಾರಿ ಯಂತ್ರ ಬೇಕಿತ್ತು. 1980ರ ದಶಕದಲ್ಲಿ ಅಮೆರಿಕದ ಹನಿವೆಲ್ ಕಂಪೆನಿ ಲ್ಯಾಂಗ್ಲಿಯ ಬೊಲೋಮೀಟರನ್ನೇ ಕುಗ್ಗಿಸಿ, ಒಂದೇ ಚಿಪ್ಪಿನ ಮೇಲೆ ಸಾವಿರಾರು ಕೂರಿಸಿತು. 1992ರಲ್ಲಿ ಅದರ ಮೇಲಿನ ಮಿಲಿಟರಿ ಗೌಪ್ಯತೆ ತೆಗೆದರು. ಈಗ ಒಂದೊಂದು ಬೊಲೋಮೀಟರಿನ ಅಗಲ ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಡಿಗ್ರಿಯ ಇಪ್ಪತ್ತನೇ ಒಂದು ಭಾಗದ ವ್ಯತ್ಯಾಸವೂ ಅದಕ್ಕೆ ಬಣ್ಣವಾಗಿ ಕಾಣುತ್ತದೆ.

ಕಾಣುವುದು ಬೇರೆ, ತಾಗುವುದು ಬೇರೆ. ಆ ಎರಡನೆಯ ಕೆಲಸವನ್ನೂ ಸ್ಕೋಪಿಗೆ ಒಪ್ಪಿಸಿದ್ದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ. 2013ರ ಸುಮಾರಿಗೆ ಟೆಕ್ಸಾಸಿನ ಟ್ರ್ಯಾಕಿಂಗ್ ಪಾಯಿಂಟ್ ಕಂಪೆನಿ ಮಾರಿದ ರೈಫಲಿನಲ್ಲಿ ಗುರಿಗೆ ಒಂದು ಚುಕ್ಕೆ ಇಟ್ಟರೆ ಸಾಕು. ಲೇಸರ್ ದೂರ ಅಳೆಯುತ್ತದೆ, ಕಂಪ್ಯೂಟರು ಗುಂಡು ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕುತ್ತದೆ, ಚುಕ್ಕೆಯೂ ನಳಿಗೆಯೂ ಒಂದಾದ ಕ್ಷಣಕ್ಕೇ ಈಡು ಹಾರುತ್ತದೆ. 2015ರಲ್ಲಿ ರೂನಾ ಸಾಂಡ್ವಿಕ್ ಮತ್ತು ಮೈಕೆಲ್ ಆಗರ್ ಎಂಬ ಸಂಶೋಧಕ ದಂಪತಿ ಅದರ ವೈಫೈ ಮೂಲಕ ಒಳಹೊಕ್ಕು, ಗುಂಡು ಪಕ್ಕದ ಗುರಿಗೆ ತಾಗುವಂತೆ ಮಾಡಿ ತೋರಿಸಿದರು. ಕೋವಿ ಹಿಡಿದವನಿಗೆ ಏನೂ ಗೊತ್ತಾಗಲಿಲ್ಲ. ಅದರಿಂದ ಯಾರೂ ಹಿಂದೆ ಸರಿಯಲಿಲ್ಲ. 2022ರಲ್ಲಿ ಅಮೆರಿಕದ ಸೈನ್ಯ ಹತ್ತು ವರ್ಷದಲ್ಲಿ ಎರಡೂವರೆ ಲಕ್ಷದವರೆಗೆ ಲೆಕ್ಕ ಹಾಕುವ ಸ್ಕೋಪು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ನಮ್ಮ ನೌಕಾಪಡೆ 2020ರಲ್ಲೇ ಡ್ರೋನ್ ಹೊಡೆಯಲು ಇಸ್ರೇಲಿನ ಸ್ಮ್ಯಾಶ್ ಸ್ಕೋಪಿಗೆ ಆರ್ಡರ್ ಕೊಟ್ಟಿತ್ತು. ಬಿ.ಸಿ. ರೋಡಿನಲ್ಲಿ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿಳಿದರೆ, ಅಲ್ಲಿ ಸೈನ್ಯಕ್ಕೆ ಥರ್ಮಲ್ ಸ್ಕೋಪು ಮಾಡುವ ಟೋನ್‌ಬೋ ಇಮೇಜಿಂಗ್ ಇದೆ, ಸ್ನೈಪರ್ ರೈಫಲ್ ಮಾಡುವ ಎಸ್‌ಎಸ್‌ಎಸ್ ಡಿಫೆನ್ಸ್ ಇದೆ. ಈ ವಿದ್ಯೆ ಟೆಕ್ಸಾಸಿನದು ಎಂದು ದೂರ ಇಡುವ ಹಾಗಿಲ್ಲ.

ವಿಡಿಯೊ ತೋರಿಸಿದ ಕೃಷಿಕರಿಗೆ ನಾನು ಇನ್ನೊಂದು ಮಾತೂ ಹೇಳಿದೆ. ಟೆಕ್ಸಾಸಿನ ಒಣ ಬಯಲಲ್ಲ ನಮ್ಮದು. ನಮ್ಮ ತೇವದ ಗಾಳಿ ಶಾಖದ ಕಿರಣವನ್ನು ದಾರಿಯಲ್ಲೇ ಸ್ವಲ್ಪ ಸ್ವಲ್ಪ ಕುಡಿಯುತ್ತದೆ. ಆಟಿಯ ಮಳೆಯಲ್ಲಿ ಮರ, ಮಣ್ಣು, ಬಂಡೆ ಎಲ್ಲ ಒಂದೇ ಬಿಸಿಗೆ ಬಂದು ಚಿತ್ರ ಮಂಕಾಗುತ್ತದೆ. ಬೇಸಿಗೆಯಲ್ಲಿ ಹಗಲಿಡೀ ಕಾದ ಮುರಕಲ್ಲು ಇರುಳಲ್ಲೂ ಬಿಸಿ ಬಿಡುತ್ತ ಪ್ರಾಣಿಯ ಹಾಗೆ ಬೆಳಗುತ್ತದೆ. ಎಲೆಯ ಹಿಂದೆ ಅದಕ್ಕೆ ಕಾಣುವುದಿಲ್ಲ. ಅಡಿಕೆ ಮರಗಳ ನಡುವೆ ಬಗ್ಗಿ ನೀರು ಬಿಡುವ ಮನುಷ್ಯನ ಮೈಯೂ ಹಂದಿಯ ಮೈಯೂ ಮಂಕು ಚಿತ್ರದಲ್ಲಿ ಬಿಳಿಯ ಮುದ್ದೆಗಳೇ. "ಹಾಗಾದ್ರೆ ಎಂತ ಪ್ರಯೋಜನ?" ಎಂದರು. ಪ್ರಯೋಜನ ಇದೆ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆಯೆಂದು ನೋಡಲು ಇದೇ ಕ್ಯಾಮೆರಾವನ್ನು ಡ್ರೋನಿಗೆ ಕಟ್ಟಿ ಹಾರಿಸುತ್ತಾರೆ. ಹಂದಿ ಬಂದದ್ದು ಮೊದಲೇ ಗೊತ್ತಾದರೆ ಗರ್ನಾಲು ಹೊಡೆದು ಓಡಿಸಲೂಬಹುದು. ಅವರು ನಕ್ಕರು. ಗರ್ನಾಲಿಗೆ ಹಂದಿ ಹೆದರುವ ಕಾಲ ಹೋಗಿ ಎಷ್ಟು ವರ್ಷವಾಯಿತು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ವಿಟ್ಲದ ಆಚೆ ಕೇರಳದಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರೇ ಹಂದಿ ಹೊಡೆಯಲು ಅನುಮತಿ ಕೊಡಬಹುದು ಎಂಬುದೂ ಅವರಿಗೆ ಗೊತ್ತಿತ್ತು. ಅವರ ಸಿಟ್ಟಿಗೆ ಕಾರಣವಿದೆ. ಒಂದು ರಾತ್ರಿಯಲ್ಲಿ ಹೋದ ಅಡಿಕೆ ಸಸಿಗಳಿಗೆ ಬರುವ ಪರಿಹಾರದಲ್ಲಿ ಅವು ಮತ್ತೆ ಫಲಕ್ಕೆ ಬರುವವರೆಗಿನ ವರ್ಷಗಳ ಲೆಕ್ಕ ಇರುವುದಿಲ್ಲ.

ನನಗೆ ಹೆಚ್ಚು ಚಿಂತೆ ಆ ಕೃಷಿಕರದ್ದಲ್ಲ. ಅವರ ಕೋವಿಯ ನಂಬರು ಠಾಣೆಯಲ್ಲಿದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಕಾಡು ಬೆಳ್ತಂಗಡಿಯ ಬೆನ್ನಿಗೇ ಅಂಟಿಕೊಂಡಿದೆ. ಅಲ್ಲಿ ಕಳ್ಳಬೇಟೆಯವನು ಇದುವರೆಗೆ ಎರಡು ಗುರುತು ಬಿಡುತ್ತಿದ್ದ, ಟಾರ್ಚಿನ ಬೆಳಕು ಮತ್ತು ಈಡಿನ ಸದ್ದು. 1959ರ ಕಾಯ್ದೆಯ ಎರಡನೆಯ ಕಲಂ ಕೋವಿ ಎಂದರೇನು ಎಂದು ವಿವರಿಸುವಾಗ, ಸದ್ದನ್ನೂ ಹೊಡೆಯುವಾಗಿನ ಮಿಂಚನ್ನೂ ಅಡಗಿಸುವ ಸಾಧನಗಳನ್ನು ಕೋವಿಯ ಲೆಕ್ಕಕ್ಕೇ ಸೇರಿಸಿದೆ. ನೋಡುವ ಸಾಧನದ ಹೆಸರು ಆ ವಿವರಣೆಯಲ್ಲಿಲ್ಲ. ಘಾಟಿಯ ಬುಡದಲ್ಲಿ ಇಪ್ಪತ್ತು ವರ್ಷ ಗಸ್ತು ತಿರುಗಿದ ಅರಣ್ಯ ವಾಚರೊಬ್ಬರಿಗೆ ಈ ಸ್ಕೋಪಿನ ವಿಷಯ ಹೇಳಿದಾಗ ಅವರು ಕೇಳಿದ್ದು ಇಷ್ಟೆ: "ಗುಡ್ಡೆಯಲ್ಲಿ ಬೆಳಕು ಕಂಡ್ರೆ ನಾವು ಆ ಕಡೆ ಹೋಗುವುದು. ಬೆಳಕೇ ಇಲ್ಲದಿದ್ರೆ ಎಲ್ಲಿಗೇಂತ ಹೋಗುವುದು?"