ಔಷಧದಂಗಡಿಯಿಂದ ಹಬ್ಬದ ಲೋಟಕ್ಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನ ಹತ್ತಿರವಾಗುತ್ತಿದ್ದಂತೆ ತಿಳಿಹಸಿರು ಬಣ್ಣದ, ಪುದೀನದ ಪರಿಮಳವುಳ್ಳ ಮಿಲ್ಕ್‌ಶೇಕ್ ಕುಡಿಯುವುದು ಕಳೆದ ಅರ್ಧ ಶತಮಾನದಲ್ಲಿ ರೂಢಿಯಾಗಿ ಬೆಳೆದಿದೆ. ವೆನಿಲಾ ಐಸ್‌ಕ್ರೀಮ್, ಹಾಲು, ಪೆಪ್ಪರ್‌ಮಿಂಟ್ ಎಸೆನ್ಸ್, ನಾಲ್ಕಾರು ಹನಿ ಹಸಿರು ಬಣ್ಣ ಇಷ್ಟನ್ನು ಮಿಕ್ಸಿಗೆ ಹಾಕಿ ತಿರುಗಿಸಿ, ಮೇಲೆ ನೊರೆಯೇರಿಸಿದ ಕೆನೆಯಿಟ್ಟು ಮನೆಯಲ್ಲೇ ಮಾಡಿಕೊಳ್ಳುವವರೂ ಈಗ ಬಹಳ. ಹಬ್ಬದ ದಿನ ಮನೆಯಲ್ಲಿ ತಯಾರಾಗುವ ಪಾನೀಯವೆಂದರೆ ಅದು ಅಜ್ಜಿಯ ಕಾಲದಿಂದ ಇಳಿದು ಬಂದದ್ದಿರಬೇಕೆಂದು ಭಾವಿಸುವುದು ಸಹಜವಾದರೂ ಇದರ ಚರಿತ್ರೆ ಸಾಗಿರುವುದು ಎದುರು ದಿಕ್ಕಿನಲ್ಲಿ. ಐರ್ಲೆಂಡಿನ ಹಳೆಯ ಅಡುಗೆಮನೆಗೆ ಇದರ ಪರಿಚಯವೇ ಇಲ್ಲ. ಇದರ ಮುಖ್ಯ ಅಂಗಗಳು ಹುಟ್ಟಿದ್ದು ಹೊಟ್ಟೆ ಕೆಟ್ಟವರ, ಹಾಸಿಗೆ ಹಿಡಿದವರ ಉಪಚಾರಕ್ಕೆ, ಅವು ಒಂದಕ್ಕೊಂದು ಕೂಡಿಕೊಂಡದ್ದು ಔಷಧದಂಗಡಿಯ ಕಟ್ಟೆಯ ಮೇಲೆ, ಮನೆಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಆ ಕಟ್ಟೆಗೆ ಸೋಡಾ ಫೌಂಟನ್ ಎಂದು ಹೆಸರು. ಅನಿಲ ತುಂಬಿದ ನೀರನ್ನು ನಲ್ಲಿಯಿಂದ ಲೋಟಕ್ಕೆ ಬಿಟ್ಟು, ಅದಕ್ಕೆ ಬೇಕಾದ ಷರಬತ್ತು ಬೆರೆಸಿ, ಗಿರಾಕಿಯ ಕಣ್ಣೆದುರಿಗೇ ಕೊಡುವ ಏರ್ಪಾಡಿದು. ಯುರೋಪಿನ ಖನಿಜ ಚಿಲುಮೆಗಳ ನೊರೆನೀರು ಅನೇಕ ರೋಗಗಳಿಗೆ ಮದ್ದೆಂಬ ನಂಬಿಕೆ ಹಿಂದಿನಿಂದ ಇದ್ದುದರಿಂದ, ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಲೀಡ್ಸ್ ಪಟ್ಟಣದ ಬಿಯರ್ ಭಟ್ಟಿಯೊಂದರ ಕೊಪ್ಪರಿಗೆಗಳ ಮೇಲೆ ನೀರು ಹಿಡಿದು ಅದಕ್ಕೆ ಅನಿಲ ಸೇರಿಸುವುದನ್ನು ಕಂಡುಕೊಂಡಾಗ, ಕೃತಕವಾಗಿ ಮಾಡಿದ ಆ ನೀರಿಗೂ ಔಷಧದ ಮರ್ಯಾದೆಯೇ ಸಿಕ್ಕಿತು. ಅಮೆರಿಕದಲ್ಲಿ ಯೇಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬೆಂಜಮಿನ್ ಸಿಲಿಮನ್ 1806ರಲ್ಲಿ ನ್ಯೂ ಹೇವನ್ ಪಟ್ಟಣದಲ್ಲಿ ಇದನ್ನು ಮಾರಾಟಕ್ಕಿಟ್ಟ. ಮುಂದೆ ಈ ವ್ಯಾಪಾರ ಔಷಧದಂಗಡಿಗಳ ಪಾಲಾಯಿತು. ಕಹಿ ಮದ್ದನ್ನು ನುಂಗಿಸಲು ಸಿಹಿ ಷರಬತ್ತು ಕೂಡಿಸುವ ಕೈಚಳಕ ಔಷಧಿಕಾರನಿಗೆ ಮೊದಲೇ ಇತ್ತಾದ್ದರಿಂದ, ಕ್ರಮೇಣ ಮದ್ದು ಹಿಂದೆ ಸರಿದು ಷರಬತ್ತೇ ಮುಖ್ಯವಾಯಿತು.

ಮಿಲ್ಕ್‌ಶೇಕ್ ಎಂಬ ಪದ 1880ರ ದಶಕದ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡಾಗ ಅದರ ಅರ್ಥ ಇಂದಿನದಾಗಿರಲಿಲ್ಲ. ಹಾಲು, ಮೊಟ್ಟೆ, ಜತೆಗೆ ವಿಸ್ಕಿ ಸೇರಿಸಿ ಕುಲುಕಿದ ಮತ್ತೇರಿಸುವ ಪಾನೀಯವೊಂದಕ್ಕೆ ಆ ಹೆಸರಿತ್ತು. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ವಿಸ್ಕಿ ಜಾರಿಹೋಗಿ, ವೆನಿಲಾ, ಸ್ಟ್ರಾಬೆರಿ ಇಲ್ಲವೇ ಚಾಕೊಲೇಟ್ ಷರಬತ್ತು ಬೆರೆಸಿದ ಹಾಲು ಆ ಹೆಸರನ್ನು ಹೊತ್ತುಕೊಂಡಿತು. ಅದು ಇಂದಿನ ರೂಪಕ್ಕೆ ಬರಲು ಬೇಕಾದ ಎರಡು ಸಂಗತಿಗಳು, ಅಂದರೆ ಮಾಲ್ಟಿನ ಪುಡಿ ಮತ್ತು ವಿದ್ಯುತ್ತಿನ ಕಡಗೋಲು, ಎರಡೂ ವಿಸ್ಕಾನ್ಸಿನ್ ರಾಜ್ಯದ ರಸೀನ್ ಎಂಬ ಒಂದೇ ಊರಿನಿಂದ ಬಂದವು.

ಅಲ್ಲಿಗೆ ಬಂದು ನೆಲೆಸಿದ ಹಾರ್ಲಿಕ್ ಸೋದರರು ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನವರು. ಅಣ್ಣ ಜೇಮ್ಸ್ ವೃತ್ತಿಯಿಂದ ಔಷಧಿಕಾರನಾಗಿದ್ದು ಲಂಡನ್ನಿನಲ್ಲಿ ಶಿಶು ಆಹಾರ ತಯಾರಿಸುವ ಕಂಪನಿಯೊಂದರಲ್ಲಿ ದುಡಿದವನು; ತಮ್ಮ ವಿಲಿಯಂ ಅವನಿಗಿಂತ ಮೊದಲೇ ಅಮೆರಿಕ ಸೇರಿದ್ದ. 1873ರಲ್ಲಿ ಷಿಕಾಗೋದಲ್ಲಿ ಜತೆಯಾಗಿ ವ್ಯಾಪಾರ ತೊಡಗಿ, ಸ್ವಲ್ಪ ಕಾಲದಲ್ಲೇ ರಸೀನ್‌ಗೆ ನೆಲೆ ಬದಲಿಸಿದ ಇವರು, ಹಸುಗೂಸುಗಳಿಗೂ ಅರಗಿಸಿಕೊಳ್ಳಲಾಗದ ರೋಗಿಗಳಿಗೂ ಒಗ್ಗುವ ಪುಡಿಯೊಂದನ್ನು ರೂಪಿಸಿದರು. ಅದರಲ್ಲಿ ಹಾಲನ್ನೂ ಸೇರಿಸಿ ಒಣಗಿಸಿ, ಬರೀ ನೀರಿನಲ್ಲಿ ಕದಡಿದರೆ ಸಾಕೆನ್ನುವಂತೆ ಮಾಡಿದ ವಿಧಾನಕ್ಕೆ ವಿಲಿಯಂ 1883ರಲ್ಲಿ ಪೇಟೆಂಟ್ ಪಡೆದ. ಮಾಲ್ಟ್ ಎಂದರೆ ಮೊಳಕೆ ಕಟ್ಟಿ ಒಣಗಿಸಿದ ಕಾಳು. ಕಾಳು ಮೊಳೆಯುವಾಗ ಅದರಲ್ಲಿ ಹುಟ್ಟುವ ಕಿಣ್ವಗಳು ಹಿಟ್ಟಿನಂಶವನ್ನು ಒಡೆದು ಸಿಹಿಯಾಗಿಸುವುದರಿಂದ ಅದರ ಗಂಜಿ ತೆಳುವಾಗಿ, ಹಗುರವಾಗಿ, ಎಳೆಯ ಹೊಟ್ಟೆಗೂ ಹಿತವಾಗಿರುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಜರಡಿ ಹಿಡಿದು ಮಗುವಿಗೆ ರಾಗಿ ಸರಿ ಮಾಡುವ ಹಳೆ ಮೈಸೂರಿನ ತಾಯಂದಿರಿಗೆ ಈ ತತ್ತ್ವ ಪೇಟೆಂಟಿನ ಹಂಗಿಲ್ಲದೆ ತಿಳಿದಿತ್ತು. ರಸೀನ್‌ನಲ್ಲಿ ರಾಗಿಯ ಜಾಗದಲ್ಲಿ ಬಾರ್ಲಿಯೂ ಗೋಧಿಯೂ ಇದ್ದವು, ಅಷ್ಟೇ. ಮುಂದೆ ಅದೇ ಹಾರ್ಲಿಕ್ಸ್ ಸೀಸೆ ಕರ್ನಾಟಕದ ಮನೆಗಳಲ್ಲಿ ಜ್ವರ ಬಂದವರ ತಲೆದಿಂಬಿನ ಪಕ್ಕಕ್ಕೂ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೊರಟವರ ಕೈಚೀಲಕ್ಕೂ ಬಂದು ಸೇರಿದ್ದನ್ನು ಗಮನಿಸಿದರೆ, ಈ ಪುಡಿ ತನ್ನ ಹುಟ್ಟುಗುಣವನ್ನು ಇಲ್ಲಿ ಬಿಟ್ಟುಕೊಡಲಿಲ್ಲವೆನ್ನಬೇಕು. ಅಮೆರಿಕದಲ್ಲಿ ಮಾತ್ರ ಆರೋಗ್ಯವಂತರೇ ಅದರ ರುಚಿಗೆ ಬಿದ್ದು, ರೋಗಿಯ ಆಹಾರ ಸೋಡಾ ಕಟ್ಟೆಯ ವಿಲಾಸವಾಯಿತು.

ಈ ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡುವುದು ಕೈಗೆ ಶ್ರಮದ ಕೆಲಸ. ರಸೀನ್‌ನ ಹ್ಯಾಮಿಲ್ಟನ್ ಬೀಚ್ ಕಂಪನಿ 1911ರ ಸುಮಾರಿಗೆ ಹೊರತಂದ ಯಂತ್ರದಲ್ಲಿ ಮೋಟಾರು ಮೇಲಿದ್ದು, ಅದರಿಂದ ಇಳಿಬಿದ್ದ ಸರಳಿನ ತುದಿಯ ಸಣ್ಣ ಬಿಲ್ಲೆ ಲೋಹದ ಎತ್ತರದ ಲೋಟದೊಳಗೆ ತಿರುಗುತ್ತಿತ್ತು. ಬಿಲ್ಲೆ ಹಾಲನ್ನು ಬೆರೆಸುವುದಷ್ಟೇ ಅಲ್ಲದೆ ಮೇಲಿನ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ತಣ್ಣಗಿರುವ ಕೊಬ್ಬಿನ ಕಣಗಳು ಆ ಗಾಳಿಗುಳ್ಳೆಗಳ ಸುತ್ತ ಕಟ್ಟಿಕೊಂಡು ನೊರೆ ಕುಸಿಯದಂತೆ ಹಿಡಿಯುತ್ತವೆ. ಅಷ್ಟರಲ್ಲಿ ಲೋಟದ ಹೊರಮೈಯಲ್ಲಿ ಇಬ್ಬನಿ ಕಟ್ಟಿ ಬೆರಳಿನ ಗುರುತು ಮೂಡುವಂತಾಗುತ್ತದೆ. ಅದೇ ಊರಿನ, ಪೋಲೆಂಡ್ ಮೂಲದ ಸ್ಟೀಫನ್ ಪೊಪ್ಲಾವ್ಸ್ಕಿ ಎಂಬಾತ ತಿರುಗುವ ಅಲಗನ್ನು ಮೇಲಿನಿಂದ ತೆಗೆದು ಪಾತ್ರೆಯ ತಳಕ್ಕೆ ಕೂಡಿಸಿ, 1922ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅವನ ಕಣ್ಣಿದ್ದದ್ದು ಸೋಡಾ ಕಟ್ಟೆಗಳ ಮಾಲ್ಟ್ ಹಾಲಿನ ಮೇಲೆ. ಇಂದು ಚಟ್ನಿ ರುಬ್ಬುವ ಮಿಕ್ಸಿಯ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಒಂದು ಕವಲು ಈ ಹಾಲಿನ ಲೋಟಕ್ಕೇ ತಲುಪುತ್ತದೆ.

ಇಷ್ಟಾದರೂ ಆವರೆಗಿನ ಪಾನೀಯ ತೆಳ್ಳಗೇ ಇತ್ತು. 1922ರಲ್ಲೇ ಷಿಕಾಗೋದ ವಾಲ್‌ಗ್ರೀನ್ ಔಷಧದಂಗಡಿಯ ಸೋಡಾ ಕಟ್ಟೆಯಲ್ಲಿ ಕೆಲಸಕ್ಕಿದ್ದ ಐವರ್ ಕೌಲ್ಸನ್ ಎಂಬಾತ ಹಾಲು, ಚಾಕೊಲೇಟ್ ಷರಬತ್ತು ಮತ್ತು ಮಾಲ್ಟಿನ ಮಿಶ್ರಣಕ್ಕೆ ವೆನಿಲಾ ಐಸ್‌ಕ್ರೀಮಿನ ಮುದ್ದೆಗಳನ್ನು ಹಾಕಿ ತಿರುಗಿಸಿದ ಮೇಲೆ ಅದು ಚಮಚಕ್ಕೂ ಹೀರುಕೊಳವೆಗೂ ನಡುವಿನ ವಸ್ತುವಾಯಿತು. ಕಾಲವೂ ಅನುಕೂಲವಾಗಿತ್ತು. 1920ರಿಂದ 1933ರವರೆಗೆ ದೇಶದಾದ್ಯಂತ ಪಾನನಿಷೇಧವಿದ್ದು ಮದ್ಯದಂಗಡಿಗಳು ಬಾಗಿಲು ಹಾಕಿದ್ದರಿಂದ, ಸಂಜೆ ನಾಲ್ಕು ಜನ ಕೂತು ಮಾತಾಡಲು ಔಷಧದಂಗಡಿಯ ಎತ್ತರದ ಸ್ಟೂಲುಗಳೇ ಗತಿಯಾದವು.

ಪುದೀನದ ದಾರಿ ಬೇರೆಯಾದರೂ ಹೋಗಿ ಸೇರಿದ್ದು ಇದೇ ಅಂಗಡಿಗೆ. ಕರ್ನಾಟಕದ ಸಂತೆಗಳಲ್ಲಿ ಕಟ್ಟಿನಲ್ಲಿ ಸಿಗುವ, ಚಟ್ನಿಗೂ ಪಲಾವಿಗೂ ಹಾಕುವ ಪುದೀನ ಒಂದು ಜಾತಿ. ಅದರ ಪರಿಮಳಕ್ಕೆ ಕಾರಣ ಕಾರ್ವೋನ್ ಎಂಬ ದ್ರವ್ಯ. ಪೆಪ್ಪರ್‌ಮಿಂಟ್ ಎಂಬುದು ಈ ಪುದೀನಕ್ಕೂ ನೀರಿನಂಚಿನಲ್ಲಿ ಬೆಳೆಯುವ ಇನ್ನೊಂದು ಪುದೀನಕ್ಕೂ ಹುಟ್ಟಿದ ಮಿಶ್ರತಳಿ. ಅದರಲ್ಲಿ ಮೆಂಥಾಲ್ ಹೆಚ್ಚು. ನಾಲಿಗೆಯಲ್ಲಿ ತಂಪನ್ನು ಗುರುತಿಸುವ ನರಗಳನ್ನೇ ಮೆಂಥಾಲ್ ಕೆರಳಿಸುವುದರಿಂದ ತಣ್ಣಗಿಲ್ಲದ ವಸ್ತುವೂ ತಣ್ಣಗಿದೆಯೆಂಬ ಭ್ರಮೆ ಹುಟ್ಟುತ್ತದೆ. ಮೊದಲೇ ತಣ್ಣಗಿರುವ ಮಿಲ್ಕ್‌ಶೇಕ್ ಇದರಿಂದ ಇನ್ನಷ್ಟು ತಣ್ಣಗೆನಿಸುತ್ತದೆ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ 1696ರಲ್ಲಿ ವರ್ಣಿಸಿದ ಈ ಗಿಡವನ್ನು ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಪಕ್ಕದ ಮಿಚಮ್ ಹಳ್ಳಿಯ ಹೊಲಗಳಲ್ಲಿ ಔಷಧಕ್ಕೆಂದೇ ಬೆಳೆಯತೊಡಗಿದರು. ಬೀಜ ಕಟ್ಟದ ಗಿಡವಾದ್ದರಿಂದ ನೆಲದಲ್ಲಿ ಹರಿಯುವ ಬಳ್ಳಿಬೇರನ್ನು ಕಿತ್ತು ನೆಟ್ಟೇ ಅದನ್ನು ಹಬ್ಬಿಸಬೇಕು. ವಲಸಿಗರ ಜತೆ ಅಟ್ಲಾಂಟಿಕ್ ದಾಟಿದ ಆ ಬೇರು ನ್ಯೂಯಾರ್ಕ್ ರಾಜ್ಯದ ಲಯನ್ಸ್ ಪಟ್ಟಣದ ಸುತ್ತ ಚಿಗುರಿತು. ಅಲ್ಲಿನ ಹಿರಂ ಹಾಚ್‌ಕಿಸ್ ನೀಲಿ ಸೀಸೆಯಲ್ಲಿ ತುಂಬಿ ಮಾರಿದ ಎಣ್ಣೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಗಳಿಸಿತು. ಆಮೇಲೆ ಬೆಳೆ ಪಶ್ಚಿಮಕ್ಕೆ ಸರಿದು ಮಿಷಿಗನ್ ರಾಜ್ಯದ ಕಲಮಜೂ ಅದರ ರಾಜಧಾನಿಯಾಯಿತು, ಅಲ್ಲಿನ ಆಲ್ಬರ್ಟ್ ಟಾಡ್‌ನನ್ನು ಜನ ಪೆಪ್ಪರ್‌ಮಿಂಟ್ ದೊರೆ ಎಂದೇ ಕರೆದರು. ಕೊಯ್ದು ಬಾಡಿಸಿದ ಗಿಡವನ್ನು ದೊಡ್ಡ ತೊಟ್ಟಿಯಲ್ಲಿ ತುಳಿದು ತುಂಬಿ, ಕೆಳಗಿನಿಂದ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನ ಮೇಲೆ ತೇಲುವ ಎಣ್ಣೆಯನ್ನು ತೆಗೆಯುತ್ತಿದ್ದರು. ಅದು ಮೊದಲು ಹೊಟ್ಟೆಯುಬ್ಬರದ ಮದ್ದಾಗಿ, ಬಳಿಕ ಚೀಪುವ ಬಿಲ್ಲೆಯಾಗಿ, ಚೂಯಿಂಗ್ ಗಮ್ ಆಗಿ, ಹಲ್ಲುಜ್ಜುವ ಪೇಸ್ಟಾಗಿ ಹರಡಿತು. ಆ ಬಿಲ್ಲೆಯ ಪ್ರಭಾವ ಎಷ್ಟರದೆಂದರೆ, ಕನ್ನಡದ ಹಳ್ಳಿಗಳ ಚಿಲ್ಲರೆ ಅಂಗಡಿಯಲ್ಲಿ ಕಿತ್ತಳೆಯ ರುಚಿಯದಾಗಲಿ ನಿಂಬೆಯದಾಗಲಿ, ಮಕ್ಕಳು ಚೀಪುವ ಸಕ್ಕರೆ ಬಿಲ್ಲೆಗಳೆಲ್ಲ ಬಹುಕಾಲ ಪೆಪ್ಪರಮೆಂಟೇ ಆಗಿದ್ದವು. ಸಹಜ ಮೆಂಥಾಲಿನ ಬಹುಪಾಲು ಈಗ ಭಾರತದಿಂದಲೇ, ಮುಖ್ಯವಾಗಿ ಉತ್ತರ ಪ್ರದೇಶದ ಬಾರಾಬಂಕಿಯ ಸುತ್ತಲಿನ ಹೊಲಗಳಿಂದ ಹೊರಡುತ್ತದೆ; ಆ ಬೆಳೆಯನ್ನು ರೈತರಿಗೆ ಒಗ್ಗಿಸಿದ ಲಖನೌದ ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಗೆ ಬೆಂಗಳೂರಿನಲ್ಲೂ ಒಂದು ಸಂಶೋಧನಾ ಕೇಂದ್ರವಿದೆ.

ಹಬ್ಬದ ಕಡೆಯಿಂದ ನೋಡಿದರೆ ಸೇಂಟ್ ಪ್ಯಾಟ್ರಿಕ್ ಐರ್ಲೆಂಡಿನಲ್ಲಿ ಕ್ರೈಸ್ತಧರ್ಮ ಹರಡಿದ ಐದನೆಯ ಶತಮಾನದ ಸಂತ. ಅವನ ಹೆಸರಿನೊಡನೆ ಮೊದಲು ಬೆಸೆದುಕೊಂಡಿದ್ದ ಬಣ್ಣ ನೀಲಿ. ಮೂರೆಲೆಯ ಷ್ಯಾಮ್‌ರಾಕ್ ಗಿಡದ ಹಸಿರು ಐರಿಷ್ ರಾಷ್ಟ್ರೀಯತೆಯ ಗುರುತಾಗಿ ಬಲಿತ ಮೇಲೆ ನೀಲಿ ಮರೆಯಾಯಿತು. 1845ರಿಂದ ಮೊದಲಾದ ಆಲೂಗಡ್ಡೆಯ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಅಷ್ಟೇ ಅಥವಾ ಅದಕ್ಕೂ ಹೆಚ್ಚಿನವರು ಊರು ಬಿಟ್ಟರು. ಅವರಲ್ಲಿ ಬಹುಮಂದಿ ಸೇರಿದ ಅಮೆರಿಕದ ನಗರಗಳಲ್ಲಿ ಚರ್ಚಿನ ಪ್ರಾರ್ಥನೆಯ ದಿನ ಬೀದಿಯ ಮೆರವಣಿಗೆಯ ದಿನವಾಗಿ ಬೆಳೆದು, 1962ರಿಂದ ಷಿಕಾಗೋದ ನದಿಗೇ ಹಸಿರು ಬಣ್ಣ ಕದಡುವವರೆಗೆ ಹೋಯಿತು. ನದಿಯೇ ಹಸಿರಾದ ಮೇಲೆ ಹಾಲು ಉಳಿಯುವುದುಂಟೆ?

ಸೋಡಾ ಕಟ್ಟೆಯ ಕಾಲ ಮುಗಿಯುತ್ತಿದ್ದಂತೆ ಮಿಲ್ಕ್‌ಶೇಕ್ ಹೆದ್ದಾರಿಯ ಬದಿಯ ಹೋಟೆಲುಗಳಿಗೆ ದಾಟಿತು. ಐದು ಲೋಟಗಳನ್ನು ಒಮ್ಮೆಗೇ ಕಡೆಯುವ ಮಲ್ಟಿಮಿಕ್ಸರ್ ಎಂಬ ಯಂತ್ರವನ್ನು ಊರೂರಿಗೆ ಹೊತ್ತು ಮಾರುತ್ತಿದ್ದ ರೇ ಕ್ರಾಕ್, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದ ಒಂದೇ ಹೋಟೆಲು ಅಂಥ ಎಂಟು ಯಂತ್ರಗಳನ್ನು ಇಟ್ಟುಕೊಂಡಿದೆಯೆಂದು ತಿಳಿದು ಬೆರಗಾಗಿ 1954ರಲ್ಲಿ ಅಲ್ಲಿಗೆ ಹೋದ. ಅದು ಮೆಕ್‌ಡೊನಾಲ್ಡ್ ಸೋದರರ ಹೋಟೆಲು. ಮರುವರ್ಷ ಇಲಿನಾಯ್ ರಾಜ್ಯದಲ್ಲಿ ಕ್ರಾಕ್ ಅದೇ ಹೆಸರಿನ ತನ್ನ ಮೊದಲ ಶಾಖೆ ತೆರೆದ. ಆ ಸಂಸ್ಥೆಯ ಶಾಖೆಗಳನ್ನು ಕನೆಕ್ಟಿಕಟ್ ರಾಜ್ಯದಲ್ಲಿ ನಡೆಸುತ್ತಿದ್ದ ಹ್ಯಾಲ್ ರೋಸನ್ ಸೇಂಟ್ ಪ್ಯಾಟ್ರಿಕ್ ದಿನಕ್ಕೆಂದು 1967ರಲ್ಲಿ ರೂಪಿಸಿದ ಹಸಿರು ಪಾನೀಯವೇ 1970ರಲ್ಲಿ ಷ್ಯಾಮ್‌ರಾಕ್ ಶೇಕ್ ಎಂಬ ಹೆಸರಿನಿಂದ ಆಯ್ದ ಊರುಗಳಲ್ಲಿ ಮಾರಾಟಕ್ಕೆ ಬಂತು.

ವಿಶೇಷವೆಂದರೆ ಅದರಲ್ಲಿ ಪುದೀನ ಇರಲಿಲ್ಲ. ವೆನಿಲಾ ಐಸ್‌ಕ್ರೀಮಿಗೆ ನಿಂಬೆಯ ರುಚಿಯ ಷರ್ಬೆಟ್, ಅಂದರೆ ಹಣ್ಣಿನ ರಸಕ್ಕೆ ತುಸು ಹಾಲು ಸೇರಿಸಿ ಹೆಪ್ಪುಗಟ್ಟಿಸಿದ ತಿನಿಸನ್ನು ಬೆರೆಸಿ ಅದನ್ನು ಮಾಡುತ್ತಿದ್ದರು. 1973ರ ಹೊತ್ತಿಗೆ ಷರ್ಬೆಟ್ಟೂ ಹೋಗಿ ಬರೀ ವೆನಿಲಾಕ್ಕೆ ಹಸಿರು ಬಣ್ಣ ಉಳಿಯಿತು. 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಫುಟ್‌ಬಾಲ್ ಆಟಗಾರ ಫ್ರೆಡ್ ಹಿಲ್‌ನ ಮಗಳು ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ, ದೂರದೂರುಗಳಿಂದ ಬಂದ ಮಕ್ಕಳ ತಂದೆತಾಯಿ ಆಸ್ಪತ್ರೆಯ ಪಡಸಾಲೆಯಲ್ಲಿ ರಾತ್ರಿ ಕಳೆಯುವುದನ್ನು ಕಂಡು ಅವರಿಗೊಂದು ತಂಗುಮನೆ ಕಟ್ಟಲು ಹಿಲ್ ಹಣ ಕೂಡಿಸಿದ; ಆ ಹಣದ ಒಂದು ಪಾಲು ಬಂದದ್ದು ಈ ಹಸಿರು ಶೇಕಿನ ಮಾರಾಟದಿಂದ. ರೋಗಿಯ ಹಾಸಿಗೆಯ ಬಳಿ ಹುಟ್ಟಿದ ಪಾನೀಯ ಹೀಗೆ ಬಳಸುದಾರಿಯಲ್ಲಿ ಮತ್ತೆ ಅಲ್ಲಿಗೇ ಹೋಗಿ ಬಂತು. ಪುದೀನದ ರುಚಿ ಅದಕ್ಕೆ ಸೇರಿದ್ದು 1983ರಲ್ಲಿ. ಬಣ್ಣ ಮೊದಲು ಬಂದು ಕೂತು, ಆ ಬಣ್ಣಕ್ಕೊಪ್ಪುವ ರುಚಿಯನ್ನು ಆಮೇಲೆ ಹುಡುಕಿದಂತಾಯಿತು. ಪಾನಕ ಮಾಡುವವರಿಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ರಾಮನವಮಿಯ ಪಾನಕದ ಬಣ್ಣ ಬೆಲ್ಲದ್ದೇ, ಅದನ್ನು ಯಾರೂ ಆರಿಸಿದ್ದಲ್ಲ.

ಷ್ಯಾಮ್‌ರಾಕ್ ಶೇಕ್ ಸಿಗುತ್ತಿದ್ದುದು ವರ್ಷದಲ್ಲಿ ಕೆಲವೇ ವಾರ, ಅದೂ ಎಲ್ಲ ಊರುಗಳಲ್ಲಿ ಅಲ್ಲ; 2012ರವರೆಗೆ ಇದೇ ಸ್ಥಿತಿ ಇದ್ದುದರಿಂದ, ಸಿಗದವರು ಮನೆಯಲ್ಲೇ ಅದರ ನಕಲು ಮಾಡತೊಡಗಿದರು. ಅವರ ಕೈಯಲ್ಲಿದ್ದ ಮಾದರಿ 1983ರ ನಂತರದ್ದು. ಎರಡು ಲೋಟಕ್ಕೆ ಐಸ್‌ಕ್ರೀಮಿನ ಮೂರು ದೊಡ್ಡ ಮುದ್ದೆ, ಮುಕ್ಕಾಲು ಕಪ್ ಹಾಲು, ಕಾಲು ಚಿಕ್ಕ ಚಮಚ ಪೆಪ್ಪರ್‌ಮಿಂಟ್ ಎಸೆನ್ಸ್ ಎಂಬುದು ಸಾಮಾನ್ಯ ಅಳತೆ; ಎಸೆನ್ಸ್ ಎಂದರೆ ಮದ್ಯಸಾರದಲ್ಲಿ ಕರಗಿಸಿದ ಎಣ್ಣೆಯಾದ್ದರಿಂದ, ಅದರ ಬದಲು ಶುದ್ಧ ಎಣ್ಣೆ ಇದ್ದರೆ ಒಂದು ಹನಿಯೇ ಧಾರಾಳ, ಕೈ ಜಾರಿದರೆ ಲೋಟದ ತುಂಬ ಟೂತ್‌ಪೇಸ್ಟಿನ ವಾಸನೆ. ಸೀಸೆಯ ಸಾರ ಬೇಡವೆಂದು ಹಸಿ ಎಲೆಯನ್ನೇ ನಂಬುವವರಿಗೆ ಬೇರೆ ತೊಡಕು ಎದುರಾಗುತ್ತದೆ. ಎಲೆಯನ್ನು ಹಾಗೇ ಅರೆದರೆ ಹುಲ್ಲಿನ ಒಗರು ಬರುತ್ತದೆ. ಹಾಲಿನೊಡನೆ ಹೆಚ್ಚು ಹೊತ್ತು ಕುದಿಸಿದರೆ ಪತ್ರಹರಿತ್ತು ತನ್ನೊಳಗಿನ ಮೆಗ್ನೀಸಿಯಮ್ ಕಳೆದುಕೊಂಡು ಎಲೆ ಕಂದುಹಸಿರಿಗೆ ತಿರುಗುತ್ತದೆ. ಆದ್ದರಿಂದ ಬಲ್ಲವರು ಹಾಲನ್ನು ಬಿಸಿ ಮಾಡಿ ಒಲೆಯಿಂದಿಳಿಸಿ, ಕೈಯಲ್ಲಿ ತುಸು ಹೊಸಕಿದ ಎಲೆಯನ್ನು ಅದರಲ್ಲಿ ಮುಳುಗಿಸಿ ಮುಚ್ಚಿಟ್ಟು, ಆರಿದ ಮೇಲೆ ಸೋಸಿ, ತಣ್ಣಗಾಗಿಸಿ ಐಸ್‌ಕ್ರೀಮಿನೊಡನೆ ತಿರುಗಿಸುತ್ತಾರೆ. ಪರಿಮಳವೆಲ್ಲ ಹಾಲಿನ ಕೊಬ್ಬಿಗೆ ಇಳಿದಿರುತ್ತದೆ, ಎಲೆಯ ಹಸಿರು ಮಾತ್ರ ಎಲೆಯಲ್ಲೇ ಉಳಿದು ಸೋಸಣಿಗೆಯಲ್ಲಿ ಕೂತಿರುತ್ತದೆ. ಲೋಟಕ್ಕೆ ಬೀಳುವುದು ಬೆಳ್ಳಗಿನ ಹಾಲು. ಹಬ್ಬದ ದಿನ ಅದಕ್ಕೆ ಕೊನೆಗೂ ಎರಡು ಹನಿ ಬಣ್ಣ ಹಾಕಲೇಬೇಕಾಗುತ್ತದೆ.