ಎಲ್ಲರಿಗೂ ಒಂದೇ ಕೈಗವಸು

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಹಲ್ಲಿನ ಡಾಕ್ಟರು ಬರಿಗೈಯನ್ನೇ ಬಾಯೊಳಗೆ ಹಾಕುತ್ತಿದ್ದರು. ಮೂಲೆಯ ಪಾತ್ರೆಯಲ್ಲಿ ಇಕ್ಕಳಗಳು ಕೊತಕೊತ ಕುದಿಯುತ್ತಿದ್ದವು. ಮುಂದೆ ಕೈಗವಸು ಬಂದಾಗ ನಮ್ಮ ಅತ್ತೆ, "ನಮ್ಮನ್ನು ಮುಟ್ಟಲು ಇವರಿಗೇನು ಅಸಹ್ಯವೇ?" ಎಂದು ಗೊಣಗಿದ್ದರು. ಆ ಕೈಗವಸಿನ ಹಿಂದೆ ದೊಡ್ಡ ಕಥೆಯಿದೆ.

ಏಡ್ಸ್ ಹೆಸರು ಕೇಳಿದರೆ ಜನ ನಡುಗುತ್ತಿದ್ದ ಕಾಲವದು. ಎಚ್‌ಐವಿ ಯಾರಲ್ಲಿದೆಯೆಂದು ಮುಖ ನೋಡಿ ಹೇಳಲಾಗದು. ಆದ್ದರಿಂದ 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಒಂದು ಸಲಹೆ ಕೊಟ್ಟಿತು: ಪ್ರತಿಯೊಬ್ಬ ರೋಗಿಯ ರಕ್ತದಲ್ಲೂ ಸೋಂಕಿರಬಹುದೆಂದೇ ತಿಳಿದು ಎಚ್ಚರ ವಹಿಸಿ. ಕೈಗವಸು, ಮಾಸ್ಕ್ ಎಲ್ಲರಿಗೂ ಒಂದೇ. ಉಪಕರಣಗಳನ್ನು ಬರೀ ಕುದಿಸಿದರೆ ಸಾಲದು. ನಮ್ಮ ಕುಕ್ಕರಿನ ಹಾಗೆ ಒತ್ತಡದ ಹಬೆಯಲ್ಲಿ ಕಾಯಿಸುವ ಆಟೊಕ್ಲೇವ್ ಬೇಕು.

1990ರಲ್ಲಿ ಫ್ಲಾರಿಡಾದಿಂದ ಸುದ್ದಿ ಬಂತು. ಏಡ್ಸ್ ಇದ್ದ ದಂತವೈದ್ಯರೊಬ್ಬರಿಂದ ಕಿಂಬರ್ಲಿ ಬರ್ಗಾಲಿಸ್ ಎಂಬ ಯುವತಿಗೆ ಸೋಂಕು ತಗುಲಿರಬಹುದೆಂದು ವರದಿಯಾಯಿತು. 1991ರಲ್ಲಿ ಆಕೆ ತೀರಿಕೊಂಡಾಗ ವಯಸ್ಸು 23. ಅದೇ ವೈದ್ಯರ ಇನ್ನೂ ಕೆಲವು ರೋಗಿಗಳಲ್ಲಿ ಸೋಂಕು ಕಂಡಿತು. ಅದು ಹೇಗೆ ದಾಟಿತೆಂಬುದು ಕೊನೆಗೂ ಖಚಿತವಾಗಲಿಲ್ಲ. ರೋಗಿಗೆ ಡಾಕ್ಟರ ಭಯ, ಡಾಕ್ಟರಿಗೆ ರೋಗಿಯ ಭಯ.

1994ರಲ್ಲಿ ಮೇನ್ ರಾಜ್ಯದ ಸಿಡ್ನಿ ಅಬಟ್ ಎಂಬ ಮಹಿಳೆ ಹಲ್ಲಿನ ಹುಳುಕು ತುಂಬಿಸಿಕೊಳ್ಳಲು ಹೋದರು. ತಮಗೆ ಎಚ್‌ಐವಿ ಇದೆಯೆಂದು ಫಾರಂನಲ್ಲಿ ಪ್ರಾಮಾಣಿಕವಾಗಿ ಬರೆದರು. ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲಿ ಆಗದು, ಆಸ್ಪತ್ರೆಯಲ್ಲಾದರೆ ಮಾಡುವೆ, ಅಲ್ಲಿನ ಖರ್ಚು ನಿಮ್ಮದು ಎಂದರು. ಅಬಟ್ ಒಪ್ಪದೆ ನ್ಯಾಯಾಲಯಕ್ಕೆ ಹೋದರು. ರೋಗಲಕ್ಷಣ ಕಾಣದಿದ್ದರೂ ಎಚ್‌ಐವಿ ಇದ್ದವರಿಗೆ ತಾರತಮ್ಯ ವಿರೋಧಿ ಕಾನೂನಿನ ರಕ್ಷಣೆಯುಂಟೆಂದು 1998ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹುಳುಕು ತುಂಬುವುದರಿಂದ ವೈದ್ಯರಿಗೆ ಅಪಾಯವಿತ್ತೇ ಎಂಬುದನ್ನು ಕೆಳಗಿನ ನ್ಯಾಯಾಲಯ ಮತ್ತೆ ಪರಿಶೀಲಿಸಿ, ಅಬಟ್ ಪರವಾಗಿಯೇ ತೀರ್ಪಿತ್ತಿತು.

ನಮ್ಮಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದ ಕೆಲಸದಿಂದ. ಸೋಂಕಿತರಿಗೆ ಚಿಕಿತ್ಸೆ ನಿರಾಕರಿಸಬಾರದೆಂಬ ಕಾನೂನು ಬಂದದ್ದು ಮಾತ್ರ 2017ರಲ್ಲಿ. ಆರೋಗ್ಯ ಸಿಬ್ಬಂದಿಗೆ ರಕ್ಷಣಾ ಸಾಧನ ಒದಗಿಸಬೇಕೆಂದೂ ಅದೇ ಕಾನೂನು ಹೇಳುತ್ತದೆ. ವೈದ್ಯರ ಭಯಕ್ಕೂ ಅಲ್ಲಿ ಉತ್ತರವಿದೆ.

ಅಬಟ್‌ಗೆ ಬಾಗಿಲು ಮುಚ್ಚಿದ್ದು ನಿಜ ಬರೆದದ್ದಕ್ಕೆ. ನಿಜ ಹೇಳಿದವರಿಗೇ ಶಿಕ್ಷೆಯಾದರೆ ಮುಂದಿನವರು ಬಾಯಿ ಬಿಡುವರೇ? ಅತ್ತೆಯ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಆ ಕೈಗವಸು ಅಸಹ್ಯಕ್ಕಲ್ಲ ಅತ್ತೆ, ಯಾರನ್ನೂ ಹೊರಗೆ ನಿಲ್ಲಿಸದಿರುವುದಕ್ಕೆ.